ಲಿನಕ್ಸ್ ಗಣಕಯಂತ್ರದ ತೆರೆ: ರೆಸಲ್ಯೂಶನ್ ದೋಷಗಳ ಕಾರಣವಿಚಾರ

ರೇಖಾಗಣಿತದ ಪಾಠಕ್ಕಾಗಿ ಗಣಕಯಂತ್ರದಲ್ಲಿ ರಚಿಸಿದ ವೃತ್ತವು ತರಗತಿಯ ತೆರೆಯ ಮೇಲೆ ಅಂಡಾಕಾರವಾಗಿ ಕಾಣುವುದು ಕಾಲೇಜುಗಳಲ್ಲಿ ಅಪೂರ್ವವಾದ ಸಂಗತಿಯೇನಲ್ಲ. 1920×1080 ಪಿಕ್ಸೆಲ್‌ಗಳ ತೆರೆಗೆ 1024×768ರ ಚಿತ್ರವು ಬಂದು, ತೆರೆಯು ಅದನ್ನು ಅಂಚಿನವರೆಗೂ ಹಿಗ್ಗಿಸಿದರೆ ಅಗಲವು 1.875 ಪಟ್ಟು, ಎತ್ತರವು ಸುಮಾರು 1.406 ಪಟ್ಟು ಬೆಳೆಯುತ್ತವೆ. ಅಂದರೆ ವೃತ್ತದ ಅಗಲವು ಎತ್ತರಕ್ಕಿಂತ ಮೂರನೆಯ ಒಂದು ಪಾಲಿನಷ್ಟು ಹೆಚ್ಚಾಗುತ್ತದೆ. ಸರಿಪಡಿಸಲೆಂದು ಸೆಟ್ಟಿಂಗ್ಸ್ ಪುಟವನ್ನು ನೋಡಿದರೆ, 1024×768ಕ್ಕಿಂತ ದೊಡ್ಡ ಸಂಖ್ಯೆಯೇ ಪಟ್ಟಿಯಲ್ಲಿರುವುದಿಲ್ಲ. ಆಗ ಲಿನಕ್ಸನ್ನು ದೂಷಿಸಿ ಮರುಸ್ಥಾಪನೆಗೆ ತೊಡಗುವವರುಂಟು, ಅದು ವ್ಯರ್ಥಶ್ರಮ. ದೋಷವು ಸಾಮಾನ್ಯವಾಗಿ ಸೆಟ್ಟಿಂಗ್ಸಿನಲ್ಲಿರದೆ, ಗಣಕಯಂತ್ರಕ್ಕೂ ತೆರೆಗೂ ನಡೆಯಬೇಕಾದ ಪರಸ್ಪರ ಪರಿಚಯದಲ್ಲಿರುತ್ತದೆ.

ಈ ಪರಿಚಯದ ಸ್ವರೂಪವನ್ನು ಮೊದಲು ತಿಳಿಯಬೇಕು. ಮಾನಿಟರ್ ಅಥವಾ ಪ್ರೊಜೆಕ್ಟರಿನೊಳಗೆ ಇ.ಡಿ.ಐ.ಡಿ. ಎಂಬ ಪುಟ್ಟ ವಿವರಪತ್ರವೊಂದು ಅಡಗಿರುತ್ತದೆ. 1994ರಲ್ಲಿ ನಿಗದಿಯಾದ ಈ ಪದ್ಧತಿಯಲ್ಲಿ ಮೂಲಪತ್ರದ ಗಾತ್ರ 128 ಬೈಟ್‌ಗಳು. ತಯಾರಕರನ್ನು ಸೂಚಿಸುವ ಮೂರಕ್ಷರದ ಸಂಕೇತ, ತಯಾರಾದ ವರ್ಷ, ತೆರೆಯು ಒಪ್ಪುವ ರೆಸಲ್ಯೂಶನ್‌ಗಳು ಇವೆಲ್ಲ ಅದರಲ್ಲಿರುತ್ತವೆ. ಕೊನೆಯ ಬೈಟನ್ನು, 128 ಬೈಟ್‌ಗಳ ಮೊತ್ತವು 256ರಿಂದ ನಿಶ್ಶೇಷವಾಗಿ ಭಾಗಿಸಲ್ಪಡುವಂತೆ ಆರಿಸಿರುತ್ತಾರೆ. ಪತ್ರವು ದಾರಿಯಲ್ಲಿ ಕೆಟ್ಟರೆ ಇದರಿಂದ ತಿಳಿಯುತ್ತದೆ. ಹಳೆಯ ವಿ.ಜಿ.ಎ. ಕೇಬಲಿನಲ್ಲಿ ಈ ಪತ್ರವು 12 ಮತ್ತು 15ನೆಯ ಸೂಜಿಗಳ ಮೂಲಕ ಸಾಗುತ್ತದೆ. ಚಿತ್ರವನ್ನು ಒಯ್ಯುವ ತಂತಿಗಳು ಬೇರೆ. ಆದುದರಿಂದ ಒಂದು ಸೂಜಿ ಮುರಿದರೂ ಚಿತ್ರವು ನಿರಾತಂಕವಾಗಿ ಬರುತ್ತಿರುತ್ತದೆ, ಪರಿಚಯಪತ್ರ ಮಾತ್ರ ಬರುವುದಿಲ್ಲ. "ಚಿತ್ರ ಬರುತ್ತಿದೆ, ಆದ್ದರಿಂದ ಕೇಬಲ್ ಸರಿಯಾಗಿದೆ" ಎಂಬ ತರ್ಕವು ಇಲ್ಲಿ ನಿಲ್ಲದು. ಪತ್ರ ದೊರೆಯದಿದ್ದಾಗ ಲಿನಕ್ಸಿನ ಕರ್ನೆಲ್ ಯಾವ ತೆರೆಗೂ ಅಪಾಯವಾಗದಂತೆ 1024×768ರವರೆಗಿನ ಕ್ರಮಗಳನ್ನಷ್ಟೇ ಮುಂದಿಡುತ್ತದೆ. ಮೇಲೆ ಹೇಳಿದ ಸಂಖ್ಯೆಯ ಮೂಲ ಇದೇ.

ಪತ್ರ ಬಂದಿದೆಯೇ ಎಂಬುದನ್ನು ಪರೀಕ್ಷಿಸುವುದು ಕಷ್ಟವಲ್ಲ. ಸಿಸ್, ಕ್ಲಾಸ್, ಡಿಆರ್‌ಎಂ ಎಂಬ ಡೈರೆಕ್ಟರಿಗಳ ಸಾಲಿನಲ್ಲಿ ಇಳಿದರೆ ಪ್ರತಿಯೊಂದು ಪೋರ್ಟಿಗೂ ಒಂದೊಂದು ಡೈರೆಕ್ಟರಿ ಇದ್ದು, ಅದರಲ್ಲಿ ಇ.ಡಿ.ಐ.ಡಿ. ಹೆಸರಿನ ಕಡತವಿರುತ್ತದೆ. ಕಡತಗಳ ಪಟ್ಟಿಯಲ್ಲಿ ಅದರ ಗಾತ್ರವು ಸೊನ್ನೆ ಎಂದು ತೋರಿದರೆ ಮೋಸಹೋಗಬಾರದು. ಒಳಗಿನದನ್ನು ಓದಿ ಬೈಟ್‌ಗಳನ್ನು ಎಣಿಸಬೇಕು. ಆಗಲೂ ಸೊನ್ನೆಯೇ ಬಂದರೆ ಕೇಬಲನ್ನು ಬದಲಿಸಿ, ನಡುವಣ ಸ್ವಿಚ್ಚು, ಅಡಾಪ್ಟರುಗಳನ್ನು ತೆಗೆದು ಮತ್ತೆ ನೋಡತಕ್ಕದ್ದು.

ಆ ಡೈರೆಕ್ಟರಿಯಲ್ಲಿ ಪೋರ್ಟುಗಳೇ ಕಾಣದಿದ್ದರೆ ಮಾತು ಬೇರೆ. ಲಿನಕ್ಸನ್ನು ಸ್ಥಾಪಿಸುವಾಗ ತೆರೆ ಕಪ್ಪಾದರೆ "ನೋಮೋಡ್‌ಸೆಟ್" ಎಂಬ ಪದವನ್ನು ಕರ್ನೆಲ್‌ಗೆ ಕೊಡುವ ರೂಢಿಯಿದೆ. ಗ್ರಾಫಿಕ್ಸ್ ಡ್ರೈವರು ಕೆಲಸಮಾಡದಂತೆ ತಡೆಯುವ ಈ ಪದವು ಕೆಲಸ ಮುಗಿದ ಮೇಲೂ ಬೂಟ್ ಸಾಲಿನಲ್ಲಿ ಉಳಿದುಬಿಡುವುದುಂಟು. ಅದನ್ನು ಅಳಿಸಿದರೆ ಅನೇಕ ವೇಳೆ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಈ ಪರೀಕ್ಷೆಗಳನ್ನು ಬಿಟ್ಟು ನೇರವಾಗಿ "ಸಿವಿಟಿ" ಆಜ್ಞೆಯಿಂದ ಹೊಸ ಕ್ರಮವನ್ನು ಲೆಕ್ಕಹಾಕಿಸಿ, ಎಕ್ಸ್‌ರಾಂಡರ್ ಮೂಲಕ ಸೇರಿಸುವವರು ಹೆಚ್ಚು. ಇಲ್ಲೊಂದು ಸ್ವಾರಸ್ಯವಿದೆ. 1920×1080ಕ್ಕೆ ಸಿವಿಟಿ ಸಾಮಾನ್ಯವಾಗಿ ಕೊಡುವ ಪಿಕ್ಸೆಲ್ ವೇಗವು 173 ಮೆಗಾಹರ್ಟ್ಸ್. ಹಿಂದಿನ ಗಾಜಿನ ಕೊಳವೆಯ ಮಾನಿಟರುಗಳಲ್ಲಿ ಎಲೆಕ್ಟ್ರಾನ್ ಕಿರಣವು ಒಂದು ಸಾಲನ್ನು ಮುಗಿಸಿ ಮುಂದಿನ ಸಾಲಿನ ಆದಿಗೆ ಹಿಂದಿರುಗಲು ಬಿಡುವು ಬೇಕಾಗಿತ್ತು; ಆ ಬಿಡುವು ಈ ಲೆಕ್ಕದಲ್ಲಿ ಸೇರಿದೆ. ಆದರೆ ಏಕಸರಣಿ ಡಿ.ವಿ.ಐ. ಮತ್ತು ಮೊದಲ ಕಾಲದ ಎಚ್.ಡಿ.ಎಂ.ಐ.ಗಳ ಮಿತಿ 165 ಮೆಗಾಹರ್ಟ್ಸ್. ಆದಕಾರಣ ಅಂಥಲ್ಲಿ ಆಜ್ಞೆಯು ವಿಫಲವಾಗುತ್ತದೆ. ಬಿಡುವನ್ನು ಕುಗ್ಗಿಸುವ "ಆರ್" ಆಯ್ಕೆಯನ್ನು ಸೇರಿಸಿದರೆ ವೇಗವು 138.5ಕ್ಕೆ ಇಳಿದು ಚಿತ್ರ ಮೂಡುತ್ತದೆ. ಎಕ್ಸ್‌ರಾಂಡರಿನ ಬದಲಾವಣೆಯು ಲಾಗ್‌ಔಟ್ ಆದೊಡನೆ ಅಳಿಯುತ್ತದೆ. ವೇಲ್ಯಾಂಡ್ ಪದ್ಧತಿಯಲ್ಲಂತೂ ಅದು ತೆರೆಯನ್ನು ಮುಟ್ಟುವುದೇ ಇಲ್ಲ. ಗೋಡೆಯೊಳಗೆ ಹುದುಗಿದ ಕೇಬಲನ್ನು ಬದಲಿಸಲಾಗದಲ್ಲಿ, ಅದೇ ಪ್ರೊಜೆಕ್ಟರನ್ನು ಒಳ್ಳೆಯ ಕೇಬಲಿನಿಂದ ಒಮ್ಮೆ ಜೋಡಿಸಿ ಪತ್ರವನ್ನು ಪ್ರತಿಮಾಡಿಕೊಂಡು, ಫರ್ಮ್‌ವೇರ್ ಡೈರೆಕ್ಟರಿಯಲ್ಲಿಟ್ಟು ಕರ್ನೆಲ್‌ಗೆ ಸೂಚಿಸುವುದೇ ಸ್ಥಿರವಾದ ಉಪಾಯ. ಬೇರೊಂದು ಮಾದರಿಯ ಪತ್ರವನ್ನೂ, ಅದರಲ್ಲಿನ ಕ್ರಮಗಳನ್ನು ಈ ತೆರೆಯು ಒಪ್ಪುವುದಾದರೆ, ಇದಕ್ಕೆ ಬಳಸಬಹುದು.

ದೋಷವಿಲ್ಲದ ಕಡೆ ದೋಷವನ್ನು ತಂದುಕೊಳ್ಳುವ ಬಗೆಯೊಂದನ್ನೂ ಹೇಳಬೇಕು. ಹಿಂದಿನ ಬೆಂಚಿಗೆ ಅಕ್ಷರ ಕಾಣಲೆಂದು ಕೆಲವರು 1280×720ಕ್ಕೆ ಇಳಿಯುತ್ತಾರೆ. ಇಂದಿನ ಚಪ್ಪಟೆ ತೆರೆಯಲ್ಲಿ ಪಿಕ್ಸೆಲ್‌ಗಳ ಸಂಖ್ಯೆ ನಿಶ್ಚಿತವಾದುದು. ಆಗ ಒಂದೊಂದು ಚುಕ್ಕೆಯೂ ಒಂದೂವರೆ ಚುಕ್ಕೆಯ ಜಾಗವನ್ನು ತುಂಬಬೇಕಾಗಿ ಅಂಚುಗಳು ಕದಡುತ್ತವೆ. ರೋಮನ್ ಲಿಪಿಯು ಇದನ್ನು ಒಂದು ಮಟ್ಟಿಗೆ ಸಹಿಸಿಕೊಂಡೀತು. ಕನ್ನಡದಲ್ಲಿ ಸಾಲಿನ ಕೆಳಗೆ ಚಿಕ್ಕದಾಗಿ ಕುಳಿತ ಒತ್ತಕ್ಷರಗಳೂ, ಪ-ಷಗಳನ್ನು ಬೇರ್ಪಡಿಸುವ ಒಳಗೆರೆಯೂ ಮೊದಲಿಗೆ ಮಸುಕಾಗುತ್ತವೆ. ರೆಸಲ್ಯೂಶನ್ನನ್ನು ತೆರೆಯ ಸಹಜಸಂಖ್ಯೆಯಲ್ಲಿಯೇ ಬಿಟ್ಟು, ಸ್ಕೇಲ್ ಆಯ್ಕೆಯನ್ನಾಗಲಿ ಅಕ್ಷರದ ಗಾತ್ರವನ್ನಾಗಲಿ ಹೆಚ್ಚಿಸಿದರೆ ಅದೇ ಅಕ್ಷರಗಳು ದೊಡ್ಡದಾಗಿಯೂ ಸ್ಫುಟವಾಗಿಯೂ ಕಾಣುತ್ತವೆ.