ಸೆಲ್ ಸಣ್ಣದು, ಜೋಕೆ ದೊಡ್ಡದಿರಲಿ

“ಉಮ್ಮಾ, ಯಾವ ಸೆಲ್ ತರಬೇಕು? ದಪ್ಪದ್ದೋ, ತೆಳ್ಳಗಿನದ್ದೋ?” ಗೋಡೆ ಗಡಿಯಾರ ನಿಂತಾಗ, ರಿಮೋಟ್ ಕೈಕೊಟ್ಟಾಗ ಎಲ್ಲ ಮನೆಗಳಲ್ಲೂ ಕೇಳಿಬರುವ ಪ್ರಶ್ನೆ ಇದು. ಅಂದಾಜಿನಲ್ಲಿ ತರಿಸಿದ ಸೆಲ್ ಹೊಂದದೆ ಮಕ್ಕಳು ಮತ್ತೆ ಅಂಗಡಿಗೆ ಓಡುವುದೂ ಉಂಟು.

ನಾವು ಪೆನ್ಸಿಲ್ ಸೆಲ್ ಎನ್ನುವುದು ‘ಎಎ’ ಅಳತೆಯದು. ಉದ್ದ ಸುಮಾರು 50 ಮಿ.ಮೀ. ಗೋಡೆ ಗಡಿಯಾರಕ್ಕೆ, ಆಟಿಕೆಗಳಿಗೆ ಹೆಚ್ಚಾಗಿ ಬೇಕಾಗುವುದು ಇದೇ. ಅದಕ್ಕಿಂತ ತೆಳ್ಳಗೆ, ಸುಮಾರು 44 ಮಿ.ಮೀ. ಉದ್ದವಿರುವುದು ‘ಎಎಎ’. ಅನೇಕ ಟಿ.ವಿ. ರಿಮೋಟ್‌ಗಳಿಗೆ ಇದು ಬೇಕು. ಹಳೆಯ ಟಾರ್ಚು ಮತ್ತು ಹಲವು ಗ್ಯಾಸ್ ಗೀಸರ್‌ಗಳಿಗೆ ಹಾಕುವ ದಪ್ಪ ಸೆಲ್ ‘ಡಿ’.

ಈ ಮೂರೂ 1.5 ವೋಲ್ಟಿನವು. ಗಾತ್ರ ದೊಡ್ಡದಾದರೆ ವೋಲ್ಟ್ ಹೆಚ್ಚುವುದಿಲ್ಲ, ಬಾಳಿಕೆ ಹೆಚ್ಚುತ್ತದೆ. ಗಡಿಯಾರ, ರಿಮೋಟ್‌ಗಳಿಗೆ ಅಗ್ಗದ ಸಾಮಾನ್ಯ ಸೆಲ್ ಸಾಕು. ಮೋಟಾರಿರುವ ಆಟಿಕೆಗೆ ಅಲ್ಕಲೈನ್ ಸೆಲ್ ಕೊಂಡರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಹಳೆಯದನ್ನೂ ಹೊಸದನ್ನೂ ಜೊತೆಯಾಗಿ ಹಾಕಬೇಡಿ. ಸೋರಿಕೆಯಾಗಿ ಉಪಕರಣವೇ ಕೆಡಬಹುದು. ಬಹಳ ದಿನ ಬಳಸದ ವಸ್ತುವಿನಿಂದ ಸೆಲ್ ತೆಗೆದಿಡಿ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದುದು ನಾಣ್ಯದಂತೆ ಹೊಳೆಯುವ ಬಟನ್ ಸೆಲ್ ಬಗ್ಗೆ. ಸಣ್ಣ ರಿಮೋಟ್, ತೂಕದ ಯಂತ್ರ, ಹಾಡುವ ಆಟಿಕೆಗಳಲ್ಲಿ ಅದು ಇರುತ್ತದೆ. ಅದರ ಮೇಲೆ ‘ಸಿಆರ್ 2032’ ಎಂದಿದ್ದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ ಎಂದರ್ಥ. ವೋಲ್ಟ್ 3. ಪುಟ್ಟ ಮಗು ಇದನ್ನು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಅಲ್ಲಿನ ತೇವದಲ್ಲಿ ವಿದ್ಯುತ್ ಹರಿದು ಸುಡುವ ಕ್ಷಾರ ಉಂಟಾಗುತ್ತದೆ. ಎರಡೇ ಗಂಟೆಗಳಲ್ಲಿ ಒಳಗೆ ತೀವ್ರ ಗಾಯವಾಗಬಹುದು. ಉಪಕರಣ ನಡೆಸಲಾರದಷ್ಟು ಖಾಲಿಯಾದ ಸೆಲ್ಲೂ ಇಷ್ಟು ಹಾನಿ ಮಾಡಬಲ್ಲದು.

ಮಗು ನುಂಗಿದೆಯೆಂಬ ಸಂಶಯ ಬಂದರೂ ಸಾಕು, ಕಾಯಬೇಡಿ. ವಾಂತಿ ಮಾಡಿಸಬೇಡಿ. ಎಕ್ಸ್‌-ರೇ ಸೌಲಭ್ಯವಿರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ದು ‘ಬಟನ್ ಸೆಲ್’ ಎಂದೇ ಹೇಳಿ. ಎಕ್ಸ್‌-ರೇಯಲ್ಲಿ ಅದು ನಾಣ್ಯದಂತೆಯೇ ಕಾಣಬಹುದು. ಮೂಗು, ಕಿವಿಯೊಳಗೆ ತೂರಿಸಿಕೊಂಡರೂ ತಡ ಮಾಡುವಂತಿಲ್ಲ.

ಇಂದೇ ಮನೆಯ ಆಟಿಕೆಗಳನ್ನೊಮ್ಮೆ ತಿರುವಿ ನೋಡಿ. ಸೆಲ್ ಮುಚ್ಚಳಕ್ಕೆ ಸ್ಕ್ರೂ ಬಿಗಿಯಾಗಿದೆಯೇ? ಇಲ್ಲವಾದರೆ ಅದನ್ನು ಮಗುವಿನ ಕೈಗೆ ಕೊಡಬೇಡಿ. ಬಳಸಿದ ಬಟನ್ ಸೆಲ್ಲಿನ ಎರಡೂ ಬದಿಗೆ ಟೇಪ್ ಸುತ್ತಿ, ಮಕ್ಕಳ ಕೈಗೆಟುಕದಂತೆ ಇಟ್ಟು, ಹಸಿಕಸದಲ್ಲಿ ಬೆರೆಸದೆ ಬೇರೆಯಾಗಿ ವಿಲೇವಾರಿಗೆ ಕೊಡಿ.