ಗವಿಗಳ ಶಾಸ್ತ್ರೀಯ ಅಧ್ಯಯನ: ಚಾಮರಾಜನಗರ-ಗುಂಡ್ಲುಪೇಟೆ ಸೀಮೆಯನ್ನು ಕುರಿತ ಕೆಲವು ವಿಚಾರಗಳು

ನಮ್ಮ ಬೆಟ್ಟಗಳ ಗವಿಗಳಿಗೆ ಸ್ಥಳಪುರಾಣಗಳ ಕೊರತೆಯಿಲ್ಲ. ಯಾವುದೇ ಗವಿಯನ್ನು ತೋರಿಸಿ ವಿಚಾರಿಸಿದರೂ, ಅಲ್ಲಿ ಋಷಿಯೊಬ್ಬನು ತಪಸ್ಸು ಮಾಡಿದನೆಂದೋ, ಪಾಂಡವರು ತಂಗಿದ್ದರೆಂದೋ, ಒಳಗಿನ ಸುರಂಗವು ಶ್ರೀರಂಗಪಟ್ಟಣದವರೆಗೆ ಹೋಗುವುದೆಂದೋ ಉತ್ತರ ದೊರೆಯುತ್ತದೆ. ಆದರೆ ಗವಿಯ ಉದ್ದವೆಷ್ಟು, ಅದರ ಬಾಯಿ ಯಾವ ದಿಕ್ಕಿಗಿದೆ, ಶಿಲೆ ಯಾವ ಜಾತಿಯದು, ನೆಲದ ಮೇಲೆ ಮಣ್ಣು ಎಷ್ಟು ದಪ್ಪವಾಗಿ ಕುಳಿತಿದೆ ಎಂದು ಕೇಳಿದರೆ ಉತ್ತರಿಸಬಲ್ಲವರು ವಿರಳ. ಈ ಎರಡನೆಯ ಬಗೆಯ ಪ್ರಶ್ನೆಗಳನ್ನೆತ್ತಿಕೊಂಡು, ಅಳೆದು, ನಕ್ಷೆ ತೆಗೆದು, ಫಲಿತಾಂಶವನ್ನು ಪ್ರಕಟಿಸುವ ವಿದ್ಯೆಯೇ ಗುಹಾಶಾಸ್ತ್ರ.

ಈ ಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಅಗ್ರಗಣ್ಯನಾದ ಫ್ರಾನ್ಸಿನ ಎಡ್ವರ್ಡ್ ಮಾರ್ಟೆಲನು ವೃತ್ತಿಯಿಂದ ವಕೀಲನಾಗಿದ್ದನೆಂಬುದು ಗಮನಾರ್ಹ. 1888ರಿಂದ ಮೊದಲ್ಗೊಂಡು ಅವನು ಹಗ್ಗ, ಏಣಿ, ಮೇಣದ ಬತ್ತಿಗಳೊಡನೆ ನೆಲದಡಿಯ ನದಿಗಳನ್ನು ಹಿಂಬಾಲಿಸಿದನು. 1895ರಲ್ಲಿ ಗುಹಾಶಾಸ್ತ್ರದ ಸಂಘವೊಂದನ್ನು ಸ್ಥಾಪಿಸಿದನು. ಅಂದಿನಿಂದ ಇಂದಿನವರೆಗೂ ಈ ಕ್ಷೇತ್ರದಲ್ಲಿ ವೃತ್ತಿನಿರತ ವಿಜ್ಞಾನಿಯೂ ಹವ್ಯಾಸಿಯೂ ಜೊತೆಜೊತೆಯಾಗಿಯೇ ನಡೆದಿದ್ದಾರೆ. ಮೇಘಾಲಯದ ಗವಿಗಳನ್ನು ಶೋಧಿಸಿ ಅಳೆಯುವ ಕಾರ್ಯವನ್ನು 1990ರ ದಶಕದಿಂದ ಮುಂದುವರಿಸಿಕೊಂಡು ಬಂದವರಲ್ಲಿ ಬಹುಪಾಲು ಮಂದಿ ಹವ್ಯಾಸಿಗಳೇ. ಅಲ್ಲಿಯ ಮಾವ್ಮ್ಲು ಗವಿಯಲ್ಲಿ ಬೆಳೆದಿದ್ದ ಸುಣ್ಣದ ಕಂಬವೊಂದರ ಪದರಗಳನ್ನು ವಿಜ್ಞಾನಿಗಳು ಪರೀಕ್ಷಿಸಿದುದರ ಫಲವಾಗಿ, ಸುಮಾರು 4,200 ವರ್ಷಗಳಿಂದ ಈಚಿನ ಭೂಕಾಲಕ್ಕೆ 2018ರಲ್ಲಿ ‘ಮೇಘಾಲಯನ್’ ಎಂಬ ಹೆಸರೇ ಸ್ಥಿರವಾಯಿತು.

ಅಂತಹ ಗವಿಗಳು ಉಂಟಾಗುವುದು ಸುಣ್ಣಕಲ್ಲಿನಲ್ಲಿ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು, ಕಲ್ಲಿನ ಬಿರುಕುಗಳಲ್ಲಿ ಇಳಿದು, ಸುಣ್ಣವನ್ನು ಕರಗಿಸುತ್ತ ಸಹಸ್ರಾರು ವರ್ಷಗಳಲ್ಲಿ ಓಣಿಗಳನ್ನೂ ಹಜಾರಗಳನ್ನೂ ಕೊರೆಯುತ್ತದೆ. ಇದನ್ನು ಪ್ರತ್ಯಕ್ಷವಾಗಿ ಕಾಣಬಯಸುವವರು ಆಂಧ್ರದ ಕರ್ನೂಲು ಸೀಮೆಗೆ ಹೋಗಬೇಕು. ಅಲ್ಲಿಯ ಬಿಲ್ಲಸುರ್ಗಂ ಗವಿಗಳನ್ನು ಕುರಿತು 1844ರಲ್ಲಿ ಬರೆದ ನ್ಯೂಬೋಲ್ಡನು ಸೈನ್ಯದ ಕ್ಯಾಪ್ಟನ್. ನಲವತ್ತು ವರ್ಷಗಳ ತರುವಾಯ ಭೂಗರ್ಭ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಆ ಜಾಡನ್ನು ಹಿಡಿದರು. ಅವರ ಮಗ, ಫಿರಂಗಿದಳದ ಲೆಫ್ಟಿನೆಂಟ್ ಹೆನ್ರಿ, ನೆಲವನ್ನು ಅಗೆಸಿ ಪ್ರಾಣಿಗಳ ಎಲುಬುಗಳನ್ನು ಹೊರತೆಗೆದನು. ಫೂಟರು 1884ರಲ್ಲಿ ಗುರುತಿಸಿದ್ದ ಬೇಲುಂ ಗವಿಯಾದರೋ ಸುಮಾರು ನೂರು ವರ್ಷ ಹಾಗೆಯೇ ಇದ್ದು, 1982-83ರಲ್ಲಿ ಜರ್ಮನಿಯ ಡೇನಿಯಲ್ ಗೆಬಾವರ್ ಮತ್ತು ಸಂಗಡಿಗರಿಂದ ಅಳೆಯಲ್ಪಟ್ಟಿತು. ಅದರ ಉದ್ದ 3,229 ಮೀಟರು. ನಡುವಣ ಆ ನೂರು ವರ್ಷಗಳಲ್ಲಿ ಗವಿ ಎಲ್ಲಿಗೂ ಹೋಗಿರಲಿಲ್ಲ. ಅಳೆಯುವವರು ಬರಲಿಲ್ಲ, ಅಷ್ಟೆ.

ಚಾಮರಾಜನಗರ ಜಿಲ್ಲೆಯಲ್ಲಿ ಇಂತಹುದನ್ನು ನಿರೀಕ್ಷಿಸಲಾಗದು. ಬಿಳಿಗಿರಿರಂಗನ ಬೆಟ್ಟದ ಸಾಲು ಮುಖ್ಯವಾಗಿ ಚಾರ್ನೊಕೈಟ್ ಶಿಲೆಯದು. ಬಯಲಿನಲ್ಲಿ ನೈಸ್ ಶಿಲೆಯದೇ ಪ್ರಾಬಲ್ಯ. ಇವು ಮಳೆನೀರಿಗೆ ಸುಣ್ಣಕಲ್ಲಿನಂತೆ ಕರಗುವವಲ್ಲ. ಬಂಡೆ ಸೀಳಿ, ಬಿಸಿಲುಮಳೆಗಳಿಗೆ ಹೊರಪದರ ಕಳಚಿ, ಉರುಳಿದ ಗುಂಡುಗಳು ಒಂದರ ಮೇಲೊಂದು ನಿಂತು ಉಂಟಾದ ಪೊಟರೆಗಳೇ ಇಲ್ಲಿಯ ಗವಿಗಳು. ಆಳ ಕಡಮೆ, ಸುಣ್ಣದ ಕಂಬಗಳಿಲ್ಲ. ಭೂಗರ್ಭಶಾಸ್ತ್ರಜ್ಞರಿಗೆ ಇವುಗಳಲ್ಲಿ ಅಂತಹ ಆಸಕ್ತಿಯಿಲ್ಲದಿದ್ದರೆ ಆಶ್ಚರ್ಯವಿಲ್ಲ. ಆದರೆ ಮನುಷ್ಯನು ಮಳೆಗಾಳಿಗೆ ಹೊಕ್ಕದ್ದು ಹೆಚ್ಚಾಗಿ ಇಂತಹ ಬೆಳಕುಳ್ಳ ಮರೆಗಳನ್ನೇ. ಆದಕಾರಣ ಇವುಗಳ ಹೊಣೆ ಇತಿಹಾಸದ ವಿದ್ಯಾರ್ಥಿಗಳ ಮೇಲೆಯೇ ಬೀಳುತ್ತದೆಂದು ನಾವು ಭಾವಿಸುತ್ತೇವೆ.

ಇದಕ್ಕೆ ಅತ್ಯುತ್ತಮ ನಿದರ್ಶನ ಗುಂಡ್ಲುಪೇಟೆಯ ನೆರೆಯಲ್ಲಿಯೇ ಇದೆ. ಬಂಡೀಪುರದ ಕಾಡನ್ನು ದಾಟಿ ಸುಲ್ತಾನ್ ಬತ್ತೇರಿಗೆ ಹೋದರೆ, ಅದರ ಸಮೀಪದ ಅಂಬುಕುತ್ತಿ ಮಲೆಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 1,200 ಮೀಟರು ಎತ್ತರದಲ್ಲಿ, ಎಡಕಲ್ಲು ಗವಿಯಿದೆ. ಕಾದಂಬರಿ ಮತ್ತು ಚಲನಚಿತ್ರಗಳ ಮೂಲಕ ಕನ್ನಡಿಗರಿಗೆ ಈ ಹೆಸರು ಪರಿಚಿತ. ಅದರ ಗೋಡೆಯ ಕೆತ್ತನೆಗಳ ಪರಿಚಯ ಮಾತ್ರ ಅಷ್ಟಿಲ್ಲ. ಹೆಸರೇ ಅದರ ರಚನೆಯನ್ನು ತಿಳಿಸುತ್ತದೆ: ಸೀಳಿ ನಿಂತ ಎರಡು ಬಂಡೆಗಳ ಎಡೆಯಲ್ಲಿ ಸಿಕ್ಕಿಕೊಂಡ ಕಲ್ಲೊಂದು ಚಾವಣಿಯಾಗಿದೆ. ಶಾಸ್ತ್ರದ ದೃಷ್ಟಿಯಿಂದ ಇದು ಗವಿಯೇ ಅಲ್ಲ, ಸುಮಾರು 96 ಅಡಿ ಉದ್ದ, 22 ಅಡಿ ಅಗಲದ ಬಿರುಕು. ಆದರೂ ಅದರ ಗೋಡೆಗಳಲ್ಲಿ ತಲೆದೊಡವು ಧರಿಸಿದ ಮಾನವಾಕೃತಿಗಳು, ಚಿಹ್ನೆಗಳು ದಟ್ಟವಾಗಿ ಗೀರಲ್ಪಟ್ಟಿವೆ. ಇವನ್ನು ಸಾಮಾನ್ಯವಾಗಿ ನವಶಿಲಾಯುಗಕ್ಕೆ ಸೇರಿಸುವುದುಂಟು. ಮುಂದಿನ ಕಾಲದ ಬ್ರಾಹ್ಮೀ ಬರೆಹಗಳೂ ಇವೆ. 1890ರ ದಶಕದಲ್ಲಿ ಇವನ್ನು ಕಂಡು, 1901ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಸಚಿತ್ರ ಲೇಖನವನ್ನು ಪ್ರಕಟಿಸಿದ ಫಾಸೆಟ್ಟನು ಮಲಬಾರಿನ ಪೋಲೀಸು ಅಧಿಕಾರಿ. ಶಾಸನತಜ್ಞ ಹುಲ್ಟ್ಸ್ ಅವರು ಬರೆಹಗಳಲ್ಲೊಂದರಲ್ಲಿ ವಿಷ್ಣುವರ್ಮನೆಂಬ ಹೆಸರನ್ನು ಓದಿದರು. ಹವ್ಯಾಸಿಯ ಕಣ್ಣು, ತಜ್ಞನ ಓದು, ಪ್ರಕಟನೆಯ ಶಿಸ್ತು ಇವು ಮೂರೂ ಕೂಡಿದುದರಿಂದಲೇ ಎಡಕಲ್ಲು ವಿದ್ವತ್ಪ್ರಪಂಚಕ್ಕೆ ಸೇರಿತು.

ಕಾಡಿನ ಆಚೆಯ ಮಗ್ಗುಲಲ್ಲಿ ಇದ್ದದ್ದು ಈಚೆಯ ಮಗ್ಗುಲಲ್ಲಿ ಇರಲೇಬೇಕೆಂದು ನಾವು ಹೇಳುವುದಿಲ್ಲ. ಹುಡುಕದೆ ಇಲ್ಲವೆನ್ನುವುದಂತೂ ಸರಿಯಲ್ಲ. ರೈಸರು 1898ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳನ್ನು ಊರೂರಿನಿಂದ ಸಂಗ್ರಹಿಸಿಕೊಟ್ಟರು. ಗವಿಗಳಿಗೂ ಅದೇ ಕ್ರಮದ ಪಟ್ಟಿಯೊಂದು ಬೇಕು, ಅದೂ ತಡವಿಲ್ಲದೆ. ಈ ಸೀಮೆಯ ಕರಿಕಲ್ಲಿಗೆ ಹೊರದೇಶಗಳಲ್ಲಿಯೂ ಬೇಡಿಕೆಯಿದೆ; ಜಲ್ಲಿಗಾಗಿ ಬಿಳಿಕಲ್ಲನ್ನೂ ಒಡೆಯುತ್ತಾರೆ. ಸಿಡಿಮದ್ದಿಗೆ ಸಿಕ್ಕಿದ ಗುಡ್ಡದಲ್ಲಿ ಏನಿತ್ತೆಂದು ಬಳಿಕ ತಿಳಿಯುವ ಮಾರ್ಗವಿಲ್ಲ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗವಿಯನ್ನು ನೋಡಿರಿ. 1994ರಲ್ಲಿ ವಿಜ್ಞಾನಿಗಳು ಹೊಸದೆಂದು ವರ್ಣಿಸಿದ ಬಾವಲಿಯ ಜಾತಿಯೊಂದು ಈಗ ಅಲ್ಲಿ ಮಾತ್ರ ಉಳಿದಿದೆಯೆಂದು ತಿಳಿದುಬಂದಿದೆ. ಅದಕ್ಕೆ ಒದಗಿದ ದೊಡ್ಡ ಗಂಡಾಂತರವೂ ಕಲ್ಲುಗಣಿಯೇ. ಇನ್ನು ನಿಧಿಗಳ್ಳರ ಹಾರೆ, ಜೀರ್ಣೋದ್ಧಾರದ ಹೆಸರಿನಲ್ಲಿ ನೆಲಕ್ಕೆ ಬೀಳುವ ಸಿಮೆಂಟು, ಗೋಡೆಗೆ ಬಳಿಯುವ ಬಣ್ಣ! ಇವುಗಳ ವಿಚಾರವನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ.

ಕೆಲಸ ಕಷ್ಟದ್ದಲ್ಲ. ಅಳತೆಪಟ್ಟಿ, ದಿಕ್ಸೂಚಿ, ಚೌಕುಳಿ ಕಾಗದ, ಎರಡು ದೀಪಗಳು ಸಾಕು. ಊರಿನವರು ಹೇಳುವ ಹೆಸರು, ಶಿಲೆಯ ಜಾತಿ, ಬಾಯಿಯ ದಿಕ್ಕು, ತಲವಿನ್ಯಾಸ, ಒಂದು ಅಡ್ಡಕೊಯ್ತದ ಚಿತ್ರ ಇವನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಸ್ಥಳಪುರಾಣವನ್ನೂ ಬಿಡಬಾರದು, ಅದು ಗವಿಯ ವಯಸ್ಸನ್ನು ಹೇಳದಿದ್ದರೂ ಅದರ ಬಳಕೆಯನ್ನು ಹೇಳಬಹುದು. ಸೋಲಿಗರಂತಹ ಕಾಡಿನ ಜನರ ತಿಳಿವಳಿಕೆಯನ್ನು ಪಡೆದಾಗ ಅದನ್ನು ಅವರ ಹೆಸರಿನಲ್ಲಿಯೇ ದಾಖಲಿಸುವುದು ನ್ಯಾಯ. ಕೆತ್ತನೆ ಸ್ಪಷ್ಟವಾಗಲೆಂದು ಸೀಮೆಸುಣ್ಣ ತುಂಬುವುದು, ನೆಲವನ್ನು ಕೆದಕುವುದು ಸರ್ವಥಾ ಸಲ್ಲದು; ಉತ್ಖನನವು ಅನುಮತಿ ಪಡೆದ ತಜ್ಞರ ಕಾರ್ಯ. ಬಾವಲಿಗಳಿರುವಲ್ಲಿ ಮರಿಗಳ ಕಾಲವನ್ನು ಬಿಟ್ಟು ಹೋಗುವುದು ಒಳ್ಳೆಯದು.

ಜಿಲ್ಲೆಯ ಬೆಟ್ಟಗಳಲ್ಲಿ ಹೆಚ್ಚಿನವು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ರಕ್ಷಿತ ಅರಣ್ಯಗಳಲ್ಲಿರುವುದರಿಂದ ಅರಣ್ಯ ಇಲಾಖೆಯ ಅಪ್ಪಣೆ ಅವಶ್ಯಕ. ವಿದ್ಯಾರ್ಥಿಗಳನ್ನು ಮೊದಲು ಎಡಕಲ್ಲಿಗೆ ಕರೆದೊಯ್ಯುವ ಅಧ್ಯಾಪಕರು ಮರುಪ್ರಯಾಣದ ವೇಳೆಯನ್ನು ಲೆಕ್ಕ ಹಾಕಿಕೊಂಡಿರಬೇಕು: 2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6ರವರೆಗೆ ವಾಹನಸಂಚಾರಕ್ಕೆ ನಿರ್ಬಂಧವಿದೆ.