ಬೋರ್ಡ್ ನೇತುಹಾಕಿದರೆ ಹೊಣೆ ಕಳೆಯದು

‘ವಾಹನಗಳಿಗೆ ಮಾಲೀಕರೇ ಜವಾಬ್ದಾರರು.’ ವೈಟ್‌ಫೀಲ್ಡ್‌ನ ಮಾಲುಗಳಿಂದ ಹಿಡಿದು ಎಲೆಕ್ಟ್ರಾನಿಕ್ ಸಿಟಿಯ ಹೋಟೆಲುಗಳವರೆಗೆ ಪಾರ್ಕಿಂಗ್ ಇರುವ ಕಡೆ ಇಂಥ ಬೋರ್ಡ್ ಮಾಮೂಲು. ಹಾಕಿಸಿದವರೂ ಓದಿದವರೂ ನಂಬಿರುವುದು ಒಂದನ್ನೇ: ಬೋರ್ಡ್ ಇದೆ, ಇನ್ನು ಯಾರೂ ಕೇಳುವಂತಿಲ್ಲ. ಇದು ಶುದ್ಧ ತಪ್ಪು. ಸುಪ್ರೀಂ ಕೋರ್ಟೇ ಹೇಳಿದ ಮೇಲೂ ಈ ನಂಬಿಕೆ ಅಲುಗಾಡಿಲ್ಲವೆಂದರೆ ಸಿಟ್ಟು ಬರದೆ ಇರದು.

1998ರ ಆಗಸ್ಟ್‌ನಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಅತಿಥಿಯೊಬ್ಬರು ತಮ್ಮ ಮಾರುತಿ ಜೆನ್ ಕಾರಿನ ಕೀಲಿಯನ್ನು ವ್ಯಾಲೆಟ್ ಕೈಗೆ ಕೊಟ್ಟರು. ಕಾರು ಕಳುವಾದರೆ ಹೋಟೆಲ್ ಹೊಣೆಯಲ್ಲ ಎಂದು ಅವರಿಗೆ ಕೊಟ್ಟ ಚೀಟಿಯಲ್ಲೇ ಅಚ್ಚಾಗಿತ್ತು. ಅವರು ಹೊರಡುವ ಹೊತ್ತಿಗೆ ಬೇರೊಬ್ಬ ಆ ಕೀಲಿ ಎತ್ತಿಕೊಂಡು ಕಾರು ಓಡಿಸಿಕೊಂಡು ಹೋಗಿದ್ದ. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಕೀಲಿ ಪಡೆದ ಮೇಲೆ ಕಾರು ಕಾಯುವ ಹೊಣೆ ಹೋಟೆಲಿನದು. ಸಿಬ್ಬಂದಿಯ ನಿರ್ಲಕ್ಷ್ಯಕ್ಕೆ ಚೀಟಿಯ ಷರತ್ತು ರಕ್ಷೆಯಾಗದು ಎಂದು ಕೋರ್ಟ್ ಹೇಳಿತು. ಚಾಲಕರೇ ಗಾಡಿ ನಿಲ್ಲಿಸಿ ಕೀಲಿ ಜೇಬಿಗಿಳಿಸಿದ್ದರೆ ಲೆಕ್ಕ ಬೇರೆ, ಅದು ಸಂದರ್ಭಕ್ಕೆ ಬಿಟ್ಟದ್ದು.

ಕಾರು ಹೋದರೆ ಪರಿಹಾರ ಸಿಕ್ಕೀತು. ಇದೇ ನಂಬಿಕೆ ತುರ್ತು ನಿರ್ಗಮನದ ಬಾಗಿಲಿಗೆ ಬಂದರೆ ಜೀವವೇ ಹೋಗುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು 9 ಮಂದಿ ಸತ್ತರು. ಹೊಗೆ ಮೇಲಿನ ಮಹಡಿಗಳನ್ನು ತುಂಬಿತ್ತು, ಹೊರಹೋಗುವ ದಾರಿಗೆ ಬೀಗ ಬಿದ್ದಿತ್ತು. ಉಸಿರುಗಟ್ಟಿದವರು ಕಿಟಕಿ ಒಡೆದು ಹಾರಿದರು. ಬಾಗಿಲು ತೆರೆಯದಿದ್ದರೆ ಅದರ ಮೇಲಿನ ಹಸಿರು ದೀಪ ಜನರನ್ನು ಸಾವಿನ ಕಡೆಗೇ ಕರೆದೊಯ್ಯುತ್ತದೆ. ಇಂದಿಗೂ ಎಷ್ಟೋ ಕಚೇರಿಗಳಲ್ಲಿ ತುರ್ತು ನಿರ್ಗಮನದ ಮೆಟ್ಟಿಲಿನ ಮೇಲೆ ಮುರಿದ ಕುರ್ಚಿ, ರಟ್ಟಿನ ಡಬ್ಬ ಪೇರಿಸಿರುತ್ತಾರೆ.

ಪೀಣ್ಯದಲ್ಲಿ ಇನ್ನೊಂದು ಬಗೆ. ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡಿನಲ್ಲಿ ಆಸಿಡ್ ತೊಟ್ಟಿಯ ಮೇಲೆ ಎಚ್ಚರಿಕೆ ಇಂಗ್ಲಿಷಿನಲ್ಲಿ. ಕೆಳಗೆ ಕೆಲಸ ಮಾಡುವವರು ರಾಯಚೂರು, ಕಲಬುರಗಿ, ಬಿಹಾರ, ಒಡಿಶಾದವರು. ಕಾಯ್ದೆಯಡಿ ಹಾಕುವ ಸೂಚನೆಗಳು ಇಂಗ್ಲಿಷ್ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು, ಕೊಳೆ ಹಿಡಿಯದೆ ಓದಲು ಬರುವಂತಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಂ ಹೇಳಿತ್ತು. ಬೋರ್ಡ್ ಇನ್‌ಸ್ಪೆಕ್ಟರ್‌ಗಾಗಿ ಅಲ್ಲ, ಕಾರ್ಮಿಕನಿಗಾಗಿ ಎನ್ನುವುದು ಇಷ್ಟು ಹಳೆಯ ಕಾನೂನಿಗೇ ಗೊತ್ತಿತ್ತು.

ಉಳಿದ ತಪ್ಪು ತಿಳಿವಳಿಕೆಗಳಿಗೆ ಒಂದೊಂದು ಮಾತು ಸಾಕು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಎಂಬ 2024ರ ತಿದ್ದುಪಡಿ ಇಂಗ್ಲಿಷನ್ನು ನಿಷೇಧಿಸಿಲ್ಲ, ಉಳಿದ ಜಾಗದಲ್ಲಿ ಬೇರೆ ಭಾಷೆ ಇರಬಹುದು. ‘ಧೂಮಪಾನ ನಿಷೇಧ’ ಎಂದು ಬರೆಸಿದರೆ ಮುಗಿಯಲಿಲ್ಲ, ದೂರು ಯಾರಿಗೆ ಕೊಡಬೇಕೆಂದೂ ಜನರಿಗೆ ಕಾಣುವಂತೆ ಹಾಕಬೇಕು. ಗಾಲಿಕುರ್ಚಿಯ ನೀಲಿ ಚಿತ್ರ ಬರೆದ ಮಾತ್ರಕ್ಕೆ ಇಳಿಜಾರು ಬಳಕೆಗೆ ಬರುವುದಿಲ್ಲ, 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಬೇಕು. ಮೆಟ್ರೊ ನಿಲ್ದಾಣದ ಹಳದಿ ಉಬ್ಬು ಟೈಲ್ಸ್ ಅಲಂಕಾರವಲ್ಲ: ಉದ್ದ ಪಟ್ಟಿ ಕಾಲಿಗೆ ಸಿಕ್ಕರೆ ದೃಷ್ಟಿಹೀನರು ಮುಂದೆ ನಡೆಯುತ್ತಾರೆ, ಗುಂಡು ಉಬ್ಬು ಸಿಕ್ಕರೆ ನಿಲ್ಲುತ್ತಾರೆ.

ಕಟ್ಟುತ್ತಿರುವ ಮನೆಗೆ ದೃಷ್ಟಿಬೊಂಬೆ ಕಟ್ಟುವ ಹಾಗೆ ಬೋರ್ಡ್ ಕಟ್ಟುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಅಚ್ಚಾದದ್ದೆಲ್ಲ ಕಾನೂನು ಎಂದು ಓದುಗರು ತಲೆಬಾಗುತ್ತಾರೆ. ಪ್ರಮಾಣಪತ್ರ, ಸ್ಟಿಕರ್, ಮೊಹರು ಕಂಡರೆ ಪ್ರಶ್ನೆ ನಿಲ್ಲುತ್ತದೆ. ಓದು ಬಲ್ಲ ಐಟಿ ನೌಕರರೂ ಇದಕ್ಕೆ ಹೊರತಲ್ಲ.

ಕಾರ್ಲ್‌ಟನ್ ದುರಂತದ ನಂತರ ನೊಂದ ಕುಟುಂಬದವರು ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಬಳಗ ಕಟ್ಟಿ ಅಗ್ನಿ ಸುರಕ್ಷತೆಯ ಅರಿವು ಮೂಡಿಸುತ್ತಿದ್ದಾರೆ. ಅವರ ಶ್ರಮಕ್ಕೆ ಬೆಲೆ ಕೊಡುವ ಮನಸ್ಸಿದ್ದರೆ ನೌಕರರು ನಾಳೆಯೇ ತಮ್ಮ ಮಹಡಿಯ ನಿರ್ಗಮನದ ಬಾಗಿಲು ತಳ್ಳಿ ನೋಡಲಿ. ತೆರೆಯದಿದ್ದರೆ ದೂರನ್ನು ಬರವಣಿಗೆಯಲ್ಲೇ ಕೊಡಲಿ, ಉತ್ತರ ಬರುವವರೆಗೆ ಬಿಡದಿರಲಿ.